ಒಂಟಿ ಸೀನು

ನಮ್ಮ ಮೆಣಸಿನಹಾಳದಲ್ಲಿ ಸೀನಿಗೆ ಕವಡೆ ಕಾಸಿನ ಕಿಮ್ಮತ್ತಿರಲಿಲ್ಲ.

ಬೇರೆ ಊರುಗಳಲ್ಲಿ ಹೊರಡುವ ಹೊತ್ತಿಗೆ ಯಾರಾದರೂ ಒಂದು ಸಲ ಸೀನಿದರೆ ಸಾಕು, ಮೆಟ್ಟಿದ ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತು, ನೀರು ಕುಡಿದು, ಅಪಶಕುನ ಕಳೆಯಿತೆಂದು ಖಾತ್ರಿ ಮಾಡಿಕೊಂಡು ಮತ್ತೆ ಹೊರಡುತ್ತಾರೆ. ನಮ್ಮಲ್ಲಿ ಹಾಗೆ ಮಾಡಿದ್ದರೆ ಒಬ್ಬನೂ ಹೊಸ್ತಿಲು ದಾಟುತ್ತಿರಲಿಲ್ಲ. ಒಣಮೆಣಸಿನಕಾಯಿಯ ಮಾರುಕಟ್ಟೆ ಇರುವ ಊರು ಅದು. ಸುಗ್ಗಿ ಬಂತೆಂದರೆ ಗಾಳಿಯೇ ಖಾರ. ಮದುವೆಯಲ್ಲಿ ಅಕ್ಷತೆ ಹಾಕುವಾಗ ಸೀನು, ತೊಟ್ಟಿಲಿಗೆ ಕೂಸು ಹಾಕುವಾಗ ಸೀನು, ಹೆಣದ ಮುಂದೆ ಅಳುವಾಗಲೂ ನಡುನಡುವೆ ಸೀನು. ಹೊರಗಿನಿಂದ ಬಂದ ಮಾಸ್ತರರು ಮೊದಲ ವಾರ ಮೂಗಿಗೆ ಕರವಸ್ತ್ರ ಹಿಡಿದು ಪಾಠ ಮಾಡುತ್ತಿದ್ದರು, ಮುಂದಿನ ವಾರ ವರ್ಗಾವಣೆಗೆ ಓಡಾಡುತ್ತಿದ್ದರು.

ಇಂಥ ಊರಿನ ಗಾಳಿಯಿಂದ ಖಾರವನ್ನೇ ತೆಗೆದುಬಿಟ್ಟರೆ ಏನಾದೀತು? ತೆಗೆದವಳು ನಾನೇ. ಹಾಗಾಗಿ ಏನಾಯಿತೆಂದು ಹೇಳುವ ಹಕ್ಕೂ ನನ್ನದೇ.

ನಾನು ಇದಕ್ಕೆ ಕೈ ಹಾಕಿದ್ದು ಲೋಕಕಲ್ಯಾಣಕ್ಕಲ್ಲ, ನಮ್ಮ ದೊಡ್ಡವ್ವನಿಗಾಗಿ. ತಾಯಿ ಇಲ್ಲದ ನನ್ನನ್ನು ಸಾಕಿ, ಓದಿಸಿ, ಬೈದು, ಧಾರವಾಡಕ್ಕೆ ಕಳಿಸಿ ಭೌತವಿಜ್ಞಾನಿ ಮಾಡಿದವಳು ದೊಡ್ಡವ್ವ ನೀಲವ್ವ. ಮಾರುಕಟ್ಟೆಯ ಶೆಡ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಲ್ಲಿ ಹಿರಿಯಳು. ವರ್ಷಗಟ್ಟಲೆ ಖಾರದ ಧೂಳು ಕುಡಿದು ಅವಳ ಎದೆ ಸೋತಿತ್ತು. ಮಲಗಿದರೆ ಉಬ್ಬಸ. ಗೋಡೆಗೆ ದಿಂಬು ಆನಿಸಿ ಕೂತೇ ನಿದ್ದೆ ಮಾಡುತ್ತಿದ್ದಳು. "ಒಂದೋ ಊರು ಬಿಡ್ರಿ, ಇಲ್ಲಾ ಜೀವದ ಆಸೆ ಬಿಡ್ರಿ" ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

"ನನ್ನ ಸಂಗಾಟ ಧಾರವಾಡಕ್ಕ ಬಂದುಬಿಡು" ಎಂದೆ.

"ಅಲ್ಲಿ ಬಂದು ಏನ್ ಮಾಡ್ಲಿ? ನಿನ್ನ ಲ್ಯಾಬಿನ ದೀಪಾ ಕಾಯ್ಕೋಂತ ಕುಂದರ್ಲೇನು? ನನ್ನ ಗೆಳತ್ಯಾರೆಲ್ಲಾ ಇಲ್ಲೇ ಅದಾರ" ಎಂದಳು. ಅಷ್ಟು ಹೇಳುವುದರೊಳಗೆ ಎರಡು ಸಲ ಕೆಮ್ಮಿದಳು.

ಅವಳು ಊರು ಬಿಡುವುದಿಲ್ಲ, ಖಾರ ಅವಳನ್ನು ಬಿಡುವುದಿಲ್ಲ. ಉಳಿದದ್ದು ಒಂದೇ ದಾರಿ. ಖಾರವೇ ಗಾಳಿಯನ್ನು ಬಿಡಬೇಕು. ನನಗೆ ಡಾಕ್ಟರ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಮರುದಿನವೇ ಪ್ರಯೋಗಾಲಯದಲ್ಲಿ ಕೆಲಸ ಶುರು ಮಾಡಿದೆ.

ನನ್ನ ಜೊತೆಗಾರ ಇಮ್ತಿಯಾಜ್. ದೀಪ, ಕನ್ನಡಿ, ತಂತಿಗಳ ವಿಷಯದಲ್ಲಿ ಎತ್ತಿದ ಕೈ. ಆದರೆ ಬಾಯಿ ಸುಮ್ಮನಿರದು. ನಮ್ಮ ಲೆಕ್ಕಾಚಾರ ಇಷ್ಟೇ: ಬೆಳಕು ಅಣುವಿಗೆ ಬಡಿದಾಗ ಅದರೊಳಗಿನ ಎಲೆಕ್ಟ್ರಾನು ಹೊರಕ್ಕೆ ಹಾರಬಹುದು. ಎಲೆಕ್ಟ್ರಾನು ಕಳೆದುಕೊಂಡ ಅಣುವಿನಲ್ಲಿ ಧನ ವಿದ್ಯುದಂಶ ಉಳಿಯುತ್ತದೆ. ಪಕ್ಕದಲ್ಲಿ ಋಣ ವಿದ್ಯುದಂಶದ ತಗಡೊಂದನ್ನು ನಿಲ್ಲಿಸಿದರೆ, ಆ ಅಣುವನ್ನು ಹೊತ್ತ ಧೂಳಿನ ಕಣ ತಾನಾಗಿಯೇ ಬಂದು ಅಂಟಿಕೊಳ್ಳುತ್ತದೆ. ಗಾಳಿ ಮಾತ್ರ ಮುಂದೆ ಹೋಗುತ್ತದೆ.

ಹೇಳುವುದು ಸುಲಭ. ಮೊದಲು ನಾನು ದೀಪದ ಮೇಲೆ ದೀಪ ಹಚ್ಚಿದೆ. ಕಣ್ಣು ಕೋರೈಸುವ ಬೆಳಕು, ಕೋಣೆಯೆಲ್ಲ ಕಾವು, ಒಂದೇ ಒಂದು ಎಲೆಕ್ಟ್ರಾನೂ ಜಪ್ಪಯ್ಯ ಎನ್ನಲಿಲ್ಲ.

"ಮೇಡಂ, ಇನ್ನೊಂದು ದೀಪಾ ಹಚ್ಚಿದ್ರ ಫ್ಯೂಜ್ ಹಾರ್ತೈತಿ, ಎಲೆಕ್ಟ್ರಾನ್ ಹಾರಂಗಿಲ್ಲ" ಎಂದ ಇಮ್ತಿಯಾಜ್.

ಮಾತು ಸರಿಯಾಗೇ ಇತ್ತು. ಬೆಳಕು ಹರಿಯುವ ನೀರಿನ ಹಾಗಲ್ಲ, ಸಣ್ಣ ಸಣ್ಣ ತುಣುಕುಗಳಾಗಿ ಬರುತ್ತದೆ. ಒಂದೊಂದು ತುಣುಕಿನ ಕಸುವು ಬೆಳಕಿನ ಬಣ್ಣದ ಮೇಲೆ ನಿಂತಿದೆ. ಕಸುವಿಲ್ಲದ ತುಣುಕುಗಳು ಕೋಟಿಗಟ್ಟಲೆ ಬಂದರೂ ಎಲೆಕ್ಟ್ರಾನನ್ನು ಕದಲಿಸಲಾರವು. ಹಾಗೆಂದು ಒಂದೇ ಏಟಿಗೆ ಎಲೆಕ್ಟ್ರಾನು ಹಾರಿಸುವಷ್ಟು ಕಸುವಿನ ಬೆಳಕು ತಂದರೆ, ಅದನ್ನು ದಾರಿಯಲ್ಲೇ ಆಮ್ಲಜನಕ ನುಂಗಿ ಹಾಕಿ ಓಝೋನ್ ಎಂಬ ಹೊಸ ಪೀಡೆ ಹುಟ್ಟಿಸುತ್ತದೆ. ಒಂದು ಕೆಮ್ಮು ಬಿಡಿಸಲು ಇನ್ನೊಂದು ಕೆಮ್ಮು!

ಕೊನೆಗೆ ನಮ್ಮನ್ನು ಕಾಪಾಡಿದ್ದು ಖಾರದ ಅಣುವೇ. ಅದರೊಳಗೆ ನಡುವೆ ಒಂದು ಮೆಟ್ಟಿಲಿದೆ. ಸರಿಯಾದ ಬಣ್ಣದ ಒಂದು ತುಣುಕು ಬೆಳಕು ಎಲೆಕ್ಟ್ರಾನನ್ನು ಆ ಮೆಟ್ಟಿಲಿಗೆ ಏರಿಸುತ್ತದೆ. ಅದು ಕೆಳಗಿಳಿಯುವ ಮೊದಲೇ ಇನ್ನೊಂದು ತುಣುಕು ಬಂದು ಬಡಿದರೆ ಎಲೆಕ್ಟ್ರಾನು ಹೊರಗೆ! ಗಾಳಿಯ ಉಳಿದ ಅಣುಗಳಲ್ಲಿ ಆ ಎತ್ತರಕ್ಕೆ ಮೆಟ್ಟಿಲೇ ಇಲ್ಲದ್ದರಿಂದ ಬೆಳಕು ಅವುಗಳ ಗೊಡವೆಗೆ ಹೋಗುವುದಿಲ್ಲ. ಕಣ್ಣಿಗೆ ಕಾಣದ, ಆದರೆ ಕಣ್ಣಿಗೂ ಚರ್ಮಕ್ಕೂ ಆಗಿಬರದ ಆ ಬೆಳಕನ್ನು ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಟ್ಟು, ಫ್ಯಾನಿನಿಂದ ಗಾಳಿಯನ್ನೇ ಅದರೊಳಕ್ಕೆ ಎಳೆದೆವು.

ಮೊದಲ ಪರೀಕ್ಷೆಯ ದಿನ ದೊಡ್ಡವ್ವನ ಶೆಡ್ಡಿನಿಂದ ತಂದ ಧೂಳನ್ನು ಪೆಟ್ಟಿಗೆಯ ಒಂದು ಬಾಯಿಗೆ ಊದಿದೆವು. ಒಳಗಿನ ತಗಡು ನೋಡನೋಡುತ್ತಿದ್ದಂತೆ ಕೆಂಪಾಯಿತು. ಇಮ್ತಿಯಾಜ್ ಇನ್ನೊಂದು ಬಾಯಿಗೆ ಮೂಗಿಟ್ಟು ಗಾಳಿ ಎಳೆದ. ಸೀನಲಿಲ್ಲ. ನಾನು ಕುಣಿದೇಬಿಟ್ಟೆ.

"ಕುಣೀಬ್ಯಾಡ್ರಿ ಮೇಡಂ" ಎಂದ. "ನನಗ ನಿನ್ನೆಯಿಂದ ನೆಗಡಿ ಐತಿ. ಏನೂ ವಾಸನೀನ ಬರವಲ್ದು. ನೀವು ಮೂಸಿ ನೋಡ್ರಿ."

ಮೂಸಿದೆ. ಬರೀ ಗಾಳಿ! ಮತ್ತೆ ಕುಣಿದೆ. ಈ ಸಲ ಅವನೂ ಕುಣಿದ.

ಅದಕ್ಕೆ ಬೆಳಕಿನ ಜರಡಿ ಎಂದು ಹೆಸರಿಟ್ಟೆವು. ಮಾರುಕಟ್ಟೆ ಸಮಿತಿಯ ಅಧ್ಯಕ್ಷ ಮಹಾರುದ್ರಪ್ಪನವರ ಕೈಕಾಲು ಹಿಡಿದು, ಒಂದು ಸುಗ್ಗಿಯ ಮಟ್ಟಿಗೆ ಪ್ರಯೋಗ ಮಾಡಲು ಒಪ್ಪಿಗೆ ಪಡೆದೆ. ಶೆಡ್ಡಿನ ಕಂಬಗಳಿಗೆ, ನಾವು ಲಿಲಾವು ಎನ್ನುವ ಹರಾಜು ಕೂಗುವ ಅಂಗಳದ ಸುತ್ತ, ಓಣಿಗಳ ಮೂಲೆಗಳಿಗೆ ಜರಡಿ ಪೆಟ್ಟಿಗೆಗಳನ್ನು ತೂಗುಹಾಕಿದೆವು. ಸುಗ್ಗಿಯ ರಾಶಿ ಬಂದು ಬಿತ್ತು. ಅಂಗಳವೆಲ್ಲ ಕೆಂಪು. ಗಾಳಿ ಮಾತ್ರ ತಿಳಿ.

ಆ ವಾರ ಊರಿಗೆ ಊರೇ ಹೊಸದಾಗಿ ಮೂಗು ಬಂದವರ ಹಾಗೆ ಓಡಾಡಿತು. ಮಲ್ಲಿಗೆ ಮಾರುವವಳ ಬುಟ್ಟಿ ಮಧ್ಯಾಹ್ನದೊಳಗೆ ಖಾಲಿ. ಖಾನಾವಳಿಯವನ ಎಣ್ಣೆ ಎಷ್ಟು ದಿನ ಹಳೆಯದೆಂದು ಗಿರಾಕಿಗಳಿಗೆ ಗೊತ್ತಾಗಿ ಅವನು ಬೈಸಿಕೊಂಡ. ಇಷ್ಟು ವರ್ಷ ಯಾರ ಮೂಗಿಗೂ ನಾರದಿದ್ದ ಗಟಾರದ ಬಗ್ಗೆ ಪಂಚಾಯ್ತಿಗೆ ತಕರಾರು ಹೋಯಿತು.

ನಮ್ಮ ಮನೆಯಲ್ಲಿ ಒಂದು ಮುಂಜಾನೆ ಎದ್ದು ನೋಡುತ್ತೇನೆ, ಗೋಡೆಗೆ ಆನಿಸಿದ ದಿಂಬು ಅಲ್ಲೇ ಇದೆ, ದೊಡ್ಡವ್ವ ಇಲ್ಲ. ಗಾಬರಿಯಾಗಿ ಸುತ್ತ ಹುಡುಕಿದೆ. ನೋಡಿದರೆ ಚಾಪೆಯ ಮೇಲೆ ಅಂಗಾತ ಮಲಗಿ ಮೇಲೆ ನೋಡುತ್ತಿದ್ದಳು.

"ದಾಕ್ಷೀ, ಮಾಳಗೀ ತೊಲಿ ಕಾಣಾಕತ್ತಾವ ನೋಡವಾ" ಎಂದಳು. "ಎಷ್ಟು ದಿನಾ ಆಗಿತ್ತು ಇವನ್ನ ಮಕ್ಕೊಂಡು ನೋಡಿ! ಆ ಮೂಲ್ಯಾಗಿಂದಕ್ಕ ಗೆದ್ಲ ಹತ್ತೇತಿ."

ನಾನು ಮುಖ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಒಂದಿಷ್ಟು ಅತ್ತೆ. ಸಂತೋಷಕ್ಕೇ ಅತ್ತಿದ್ದು, ಹೇಳಲು ನಾಚಿಕೆಯೇನೂ ಇಲ್ಲ.

ಪಜೀತಿ ಶುರುವಾದದ್ದು ಮುಂದಿನ ಪೇಟೆಯ ದಿನ. ಲಿಲಾವು ಕೂಗುವ ಫಕ್ಕೀರೇಶಿ ರಾಶಿಯ ಮೇಲೆ ಕೈ ಇಟ್ಟು ದರ ಏರಿಸುತ್ತಿದ್ದ. ಗುಂಪಿನಲ್ಲಿ ಯಾರೋ ಒಬ್ಬ ವ್ಯಾಪಾರಿ "ಆಕ್ಷೀ!" ಎಂದ.

ಹಿಂದಿನ ಕಾಲವಾಗಿದ್ದರೆ ಅದು ನೂರು ಸೀನಿನ ಗದ್ದಲದಲ್ಲಿ ಮುಳುಗಿ ಹೋಗುತ್ತಿತ್ತು. ಈಗ ಗಾಳಿ ತಿಳಿ, ಅಂಗಳ ಶಾಂತ, ಆ ಸೀನು ಗುಡಿಯ ಗಂಟೆ ಬಾರಿಸಿದ ಹಾಗೆ ಕೇಳಿಸಿತು. ಫಕ್ಕೀರೇಶಿಯ ಕೈ ತಾನಾಗಿ ಕೆಳಗಿಳಿಯಿತು. ಎಲ್ಲರೂ ಇನ್ನೊಂದು ಸೀನಿಗಾಗಿ ಕಿವಿಗೊಟ್ಟು ಕಾದರು. ಜೋಡಿ ಸೀನಾದರೆ ಶುಭ, ಚಿಂತೆಯಿಲ್ಲ. ಬರಲಿಲ್ಲ.

"ಒಂಟಿ ಸೀನು!" ಎಂದ ಯಾರೋ ಮೆತ್ತಗೆ.

ಮುಗಿಯಿತು. ವ್ಯಾಪಾರಿಗಳು ಕಟ್ಟೆಯ ಮೇಲೆ ಕೂತರು. ನೀರು ತರಿಸಿ ಕುಡಿದರು. ಮತ್ತೆ ಎದ್ದು ಸವಾಲು ಶುರು ಮಾಡಿದರೆ ಆ ತುದಿಯಿಂದ ಹಮಾಲನೊಬ್ಬ ಸೀನಿದ. ಮತ್ತೆ ಕೂತರು. ಸಂಜೆಯವರೆಗೂ ಕೂರುವುದು, ಏಳುವುದು, ನೀರು ಕುಡಿಯುವುದು. ಅರ್ಧಕ್ಕರ್ಧ ರಾಶಿ ಬಿಕರಿಯಾಗದೆ ಉಳಿಯಿತು.

ಖಾರದಡಿ ಹೂತುಹೋಗಿದ್ದ ಅಜ್ಜಿ ಮುತ್ತಜ್ಜಿಯರ ನಂಬಿಕೆಯೆಲ್ಲ ಆವತ್ತಿನಿಂದ ಎದ್ದು ಕೂತಿತು. ಹುಬ್ಬಳ್ಳಿ ಬಸ್ಸಿನ ಡ್ರೈವರು ಪ್ರಯಾಣಿಕರಲ್ಲೊಬ್ಬ ಸೀನಿದನೆಂದು ಬಸ್ಸನ್ನು ಹಿಂದಕ್ಕೆ ತಂದು ನಿಲ್ಲಿಸಿದ. ಹೆಣ್ಣು ನೋಡಲು ಬಂದ ಬೀಗರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಹುಡುಗಿಯ ಸೋದರಮಾವ ಸೀನಿದ್ದಕ್ಕೆ ಮಾತೆತ್ತದೆ ಹೋದರು. ಎಲ್ಲಕ್ಕಿಂತ ಘನವಾದದ್ದು ಮಹಾರುದ್ರಪ್ಪನವರ ಗಡ್ಡದ ಪ್ರಕರಣ. ಒಂದು ಕೆನ್ನೆ ಬೋಳಿಸಿ ಮುಗಿದಿತ್ತು, ಅಷ್ಟರಲ್ಲಿ ಪಕ್ಕದ ಬೆಂಚಿನವನು ಸೀನಿದ. ಕ್ಷೌರಿಕ ಕತ್ತಿ ಕೆಳಗಿಟ್ಟು, "ಇವತ್ತ ನಿಮ್ಮ ಕುತಗಿ ಮ್ಯಾಲೆ ಕತ್ತಿ ಇಡಾಕ ನನಗ ಧೈರ್ಯಾ ಇಲ್ರಿ ಗೌಡ್ರ" ಎಂದುಬಿಟ್ಟ. ಅವರು ಅರ್ಧ ಗಡ್ಡದಲ್ಲೇ ಸಮಿತಿಯ ಸಭೆಗೆ ಬಂದರು. ಯಾರೂ ನಗಲಿಲ್ಲ. ನಾನೊಬ್ಬಳು ನಕ್ಕೆ, ನಗಬಾರದಿತ್ತು.

"ನಗ್ತೀಯೇನವಾ? ನಿನ್ನ ಪೆಟಿಗೀ ಬಂದಾಗಿಂದ ಪ್ಯಾಟಿ ನಿಂತೈತಿ" ಎಂದರು ಮಹಾರುದ್ರಪ್ಪ.

ನಾನು ಎದ್ದು ನಿಂತು ಸೀನೆಂದರೆ ಮೂಗಿನೊಳಗಿನ ನರಗಳ ಕೆಲಸ, ಅದಕ್ಕೂ ದರಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದೆ. ಬಹಳ ಮರ್ಯಾದೆಯಿಂದ ಕೇಳಿದರು. "ಆದ್ದರಿಂದ..." ಎನ್ನುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬ ಸೀನಿದ. ಇಡೀ ಸಭೆ ಎದ್ದು ನೀರು ಕುಡಿಯಲು ಹೋಯಿತು.

ತಿರುಗಿ ಬಂದವರು ತೀರ್ಮಾನ ಹೇಳಿದರು. ಸೋಮವಾರ ಸುಗ್ಗಿಯ ದೊಡ್ಡ ಪೇಟೆ. ಅವತ್ತು ಸೀನಿನ ಸಲುವಾಗಿ ಸವಾಲು ಮತ್ತೊಮ್ಮೆ ನಿಂತರೆ, ಸಂಜೆಯೊಳಗೆ ಜರಡಿ ಪೆಟ್ಟಿಗೆಗಳು ಇಳಿಯಬೇಕು. ಅಂದರೆ ದೊಡ್ಡವ್ವ ಮತ್ತೆ ಗೋಡೆಗೆ ಆನಿಸಿದ ದಿಂಬಿಗೆ. ಡಾಕ್ಟರು ಹೇಳಿದಂತೆ ಆ ದಿಂಬಿಗೂ ಇನ್ನು ಬಹಳ ದಿನ ಕೆಲಸವಿರುತ್ತಿರಲಿಲ್ಲ.

ಪ್ರಯೋಗಾಲಯದಲ್ಲಿ ಇಮ್ತಿಯಾಜ್ ಒಂದು ಉಪಾಯ ತೆಗೆದ. "ಪೆಟಿಗೀಗೆ ಒಂದು ಕಿವಿ ಹಚ್ಚೂಣ್ರಿ. ಯಾರರೆ ಸೀನಿದ ಸಪ್ಪಳಾ ಕೇಳಿದ ಕೂಡ್ಲೆ ತಗಡು ಝಾಡಿಸಿ ಚೂರು ಖಾರಾ ಹೊರಗ ಊದ್ಲಿ. ಅಂವಾ ಇನ್ನೊಂದು ಸೀನ್ತಾನ. ಜೋಡಿ ಆತು, ಕೆಲಸ ಆತು!"

ಬುದ್ಧಿವಂತಿಕೆಯ ಮಾತೇ. ನನಗೂ ಒಂದು ಗಳಿಗೆ ಆಸೆಯಾಯಿತು. ಆದರೆ ಊದಿದ ಖಾರ ಸೀನಿದವನ ಮೂಗು ಹುಡುಕಿಕೊಂಡು ಹೋಗುವುದಿಲ್ಲ, ಶೆಡ್ಡಿನಲ್ಲಿರುವ ಎಲ್ಲರ ಎದೆಗೂ ಇಳಿಯುತ್ತದೆ.

"ಬ್ಯಾಡ" ಎಂದೆ. "ಯಾರ ಸಲುವಾಗಿ ಈ ಯಂತ್ರಾ ಮಾಡೇವೋ ಆಕೀಗೇ ಖಾರಾ ಊದೂದೇನು?"

ಅವನು ತಲೆ ಕೆರೆದುಕೊಂಡು, ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಕಪಾಟಿಗೆ ಎಸೆದ.

ಮನೆಗೆ ಬಂದರೆ ದೊಡ್ಡವ್ವನಿಗೆ ಸುದ್ದಿ ಆಗಲೇ ಮುಟ್ಟಿತ್ತು. ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ ಹೇಳಿದಳು: "ತಗದುಬಿಡವಾ ಅವನ್ನ. ನನ್ನೊಬ್ಬಾಕಿ ಉಸುರಿನ ಸಲುವಾಗಿ ಇಡೀ ಊರು ಖಾಲಿ ಕುಂದರೂದು ಬ್ಯಾಡ."

"ಹುಚ್ಚೀನ ನೀನು? ಬರೇ ಒಂದು ಸೀನು! ನೀನೂ ಅದನ್ನ ನಂಬ್ತೀಯೇನು?"

"ನಂಬ್ತೀನಿ. ಯಾಕ ನಂಬಬಾರ್ದು? ನಿಮ್ಮ ದೊಡ್ಡಪ್ಪ ಒಂಟಿ ಸೀನಿಗೆ ನಿಲ್ಲಲಾರದ ಹೋಗಿ ಚಕ್ಕಡಿ ಹಳ್ಳಕ್ಕ ಹಾಕಿದ. ಮುಂದಿನ ಹಲ್ಲು ಹೋದುವು. ಸಾಯೂತನಾ 'ಸೋಮವಾರ' ಅನ್ನಾಕ ಬರ್ಲಿಲ್ಲ ಅವಗ."

"ಅಂವಾ ಕುಡದಿದ್ದ ದೊಡ್ಡವ್ವಾ!"

"ಕುಡದಿದ್ದ. ಸೀನೂ ಆಗಿತ್ತು" ಎಂದಳು. ರೊಟ್ಟಿ ತಿರುವಿ ಹಾಕಿದಳು. ಮತ್ತೆ ಮೆತ್ತಗೆ, "ಆದ್ರ ಮಕ್ಕೊಂಡು ನಿದ್ದಿ ಮಾಡಿದ್ದು ಭಾಳ ಹಿತಾ ಆಗಿತ್ತು ನೋಡು" ಎಂದಳು. ನಾನು ತಾಟು ಸರಿಸಿ, ಊರಲ್ಲಿ ನೆಗಡಿಯಾದವರ ಹೆಸರು ಬರೆಯುತ್ತಾ ಕೂತೆ.

ಸೋಮವಾರಕ್ಕೆ ನಾನು ಯುದ್ಧದ ತಯಾರಿಯನ್ನೇ ಮಾಡಿದೆ. ನೆಗಡಿಯಾದವರ ಮನೆಮನೆಗೆ ಹೋಗಿ ಕಷಾಯ ಕುಡಿಸಿ, ಅವತ್ತೊಂದು ದಿನ ಪೇಟೆಗೆ ಕಾಲಿಡಬೇಡಿರೆಂದು ಅಂಗಲಾಚಿದೆ. ನಶ್ಯ ಏರಿಸುವ ಮುದುಕರ ಡಬ್ಬಿಗಳನ್ನು ಇಮ್ತಿಯಾಜ್ ಇಸಿದುಕೊಂಡು ಜೇಬಿಗೆ ಹಾಕಿದ. ಭಾನುವಾರ ಇಡೀ ದಿನ ಜರಡಿಯ ತಗಡುಗಳನ್ನೆಲ್ಲ ಬಿಚ್ಚಿ, ಅಂಟಿದ್ದ ಖಾರ ಹೋಗುವಂತೆ ತಣ್ಣೀರಿನಲ್ಲಿ ಉಜ್ಜಿ ಉಜ್ಜಿ ತೊಳೆದೆ. ಊರಿನ ಎಲ್ಲರ ಮೂಗಿನ ಬಗ್ಗೆ ಯೋಚಿಸಿದೆ, ನನ್ನದೊಂದನ್ನು ಬಿಟ್ಟು.

ಸೋಮವಾರ ಅಂಗಳ ಗಿಜಿಗುಡುತ್ತಿತ್ತು. ಮೊದಲ ಸವಾಲು ಮಹಾರುದ್ರಪ್ಪನವರ ರಾಶಿಯದೇ. ಎರಡೂ ಕೆನ್ನೆ ನುಣ್ಣಗೆ ಬೋಳಿಸಿಕೊಂಡು ಬಂದಿದ್ದರು. ಶೆಡ್ಡಿನ ಹೆಂಗಸರೆಲ್ಲ ತೊಟ್ಟು ಬಿಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು. ದೊಡ್ಡವ್ವ ಅವರ ಮುಂದೆ ಮೊರ ಹಿಡಿದು ನಿಂತಿದ್ದಳು. ಫಕ್ಕೀರೇಶಿ ಕೂಗತೊಡಗಿದ. ದರ ಏರಿತು, ಇನ್ನೂ ಏರಿತು. ಯಾರೂ ಸೀನಲಿಲ್ಲ. ಒಬ್ಬರ ಮೂಗನ್ನೊಬ್ಬರು ನೋಡುತ್ತಾ ಉಸಿರು ಬಿಗಿಹಿಡಿದು ನಿಂತಿದ್ದರು.

"ಒಂದು ಸಲಾ!" ಎಂದ ಫಕ್ಕೀರೇಶಿ.

ನನ್ನ ಮೂಗಿನ ತುದಿಯಲ್ಲಿ ಏನೋ ಕಚಗುಳಿ ಇಟ್ಟಂತಾಯಿತು.

"ಎರಡು ಸಲಾ!"

ಮೂಗು ಹಿಂಡಿ ಹಿಡಿದೆ. ನಾಲಿಗೆ ಕಚ್ಚಿದೆ. ದೇವರನ್ನು ನೆನೆದೆ. ಯಾವುದೂ ಕೇಳಲಿಲ್ಲ. "ಆಕ್ಷೀ!"

ಇಮ್ತಿಯಾಜ್ ಹಣೆ ಚಚ್ಚಿಕೊಂಡ. ಸಾವಿರ ಕಣ್ಣು ನನ್ನ ಮೇಲೆ. ಜೋಡಿ ಮಾಡಲು ಇನ್ನೊಂದು ಸೀನು ಬರಲೆಂದು ಆಕಾಶ ನೋಡಿದೆ, ಸೂರ್ಯನನ್ನು ನೋಡಿದೆ. ಹಾಳಾದ್ದು, ಬರಬೇಡವೆಂದಾಗ ಬಂದದ್ದು ಈಗ ಅಡ್ರೆಸ್ಸಿಗೇ ಇಲ್ಲ! ಫಕ್ಕೀರೇಶಿಯ ಕೈ ಕೆಳಗಿಳಿಯತೊಡಗಿತು. ಮಹಾರುದ್ರಪ್ಪ ಪೆಟ್ಟಿಗೆಗಳ ಕಡೆ ಕಣ್ಣು ಹಾಯಿಸಿ ಬಾಯಿ ತೆರೆದರು. ನನಗೆ ಅಳುವೇ ಬಂತು. ದೊಡ್ಡವ್ವನ ಎದೆಯನ್ನು ನನ್ನ ಮೂಗೇ ಮಾರಿಬಿಟ್ಟಿತಲ್ಲ ಎನ್ನಿಸಿತು.

ಆಗ ದೊಡ್ಡವ್ವ ಮೊರ ಕೆಳಗಿಟ್ಟಳು. ಸೊಂಟದ ಮೇಲೆ ಕೈ ಇಟ್ಟು ಉಸಿರು ಎಳೆದುಕೊಂಡಳು. ಎಳೆದುಕೊಂಡಳು, ಇನ್ನೂ ಎಳೆದುಕೊಂಡಳು. ಅಷ್ಟು ಉದ್ದದ ಉಸಿರನ್ನು ಆ ಎದೆ ಒಳಗೆ ತೆಗೆದುಕೊಂಡದ್ದನ್ನು ನಾನು ಬುದ್ಧಿ ಬಂದಾಗಿನಿಂದ ನೋಡಿರಲಿಲ್ಲ. ಎಲ್ಲೂ ತಡೆಯಲಿಲ್ಲ, ಸುಂಯ್ ಎನ್ನಲಿಲ್ಲ, ಕೆಮ್ಮು ಬರಲಿಲ್ಲ. ಹೆಗಲು ಮೇಲೇರಿತು, ಕತ್ತು ಹಿಂದಕ್ಕೆ ವಾಲಿತು.

"ಆಆಆಕ್ಷೀ!"

ಕಟ್ಟೆಯ ಮೇಲಿನ ಪಾರಿವಾಳಗಳೆಲ್ಲ ಹಾರಿದವು.

"ಜೋಡಿ ಆತು!" ಎಂದು ಶೆಡ್ಡಿನ ಹೆಂಗಸರು ಒಕ್ಕೊರಲಿನಿಂದ ಕೂಗಿದರು.

"ಅದ್ಹೆಂಗ ಜೋಡಿ?" ಎಂದರು ಮಹಾರುದ್ರಪ್ಪ. "ಆಕೀದೊಂದು, ಈಕೀದೊಂದು."

"ಹಾಲು ಹಾಕಿ ಸಾಕಿದಾಕಿ ನಾನ್ರೀ ಗೌಡ್ರ" ಎಂದಳು ದೊಡ್ಡವ್ವ. ಅವಳ ದನಿ ಅಂಗಳದ ಆ ತುದಿಗೂ ಮುಟ್ಟಿತು. "ಆಕಿ ಸೀನು ಬ್ಯಾರೆ, ನನ್ನ ಸೀನು ಬ್ಯಾರೇನು?"

ಮಹಾರುದ್ರಪ್ಪ ಅವಳನ್ನು ನೋಡಿದರು. ನನ್ನನ್ನು ನೋಡಿದರು. ಎರಡು ಸಲ ಕೂಗಿ ನಿಂತಿದ್ದ ತಮ್ಮ ರಾಶಿಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಇಂಥ ದರ ಇನ್ನೊಮ್ಮೆ ಬಂದೀತೆಂಬ ಭರವಸೆ ಅವರಿಗೂ ಇರಲಿಲ್ಲ.

"ಖರೇ ಐತಿ ಬಿಡು" ಎಂದರು. "ಮೂರನೇದು ಕೂಗಲೇ ಫಕ್ಕೀರೇಶೀ, ಬಾಯಿ ಏನ್ ನೋಡ್ತೀ?"

ಆಮೇಲೆ ಆ ಅಂಗಳದಲ್ಲಿ ಆದದ್ದನ್ನು ನೀವು ನೋಡಬೇಕಿತ್ತು. ಗದಗಿನ ವ್ಯಾಪಾರಿಯೊಬ್ಬ ಸೀನಿದ, ಅವನ ಅಳಿಯ ಹಾರಿ ಬಂದು ಇನ್ನೊಂದು ಸೀನಿದ. ಹಮಾಲನ ಸೀನಿಗೆ ಇನ್ನೊಬ್ಬ ಹಮಾಲ ಚೀಲ ಹೊತ್ತಲ್ಲಿಂದಲೇ ಜೋಡಿ ಕೊಟ್ಟ. ಸಂಬಂಧಿಕರು ಯಾರೂ ಇಲ್ಲದ ಲಾರಿ ಡ್ರೈವರಿಗೆ ಇಮ್ತಿಯಾಜನೇ "ನಾನು ಇವನ ತಮ್ಮ" ಎಂದು ಸೀನಿಕೊಟ್ಟ. ಬಿಸಿಲು ಇಳಿಯುವ ಹೊತ್ತಿಗೆ ಅಂಗಳ ಗುಡಿಸಿದ ಹಾಗೆ ಖಾಲಿ. ಪೆಟ್ಟಿಗೆಗಳ ಮಾತನ್ನು ಯಾರೂ ಎತ್ತಲಿಲ್ಲ. ಮಹಾರುದ್ರಪ್ಪ ಹೋಗುತ್ತಾ, "ನಮ್ಮ ಮನಿ ಓಣಿಗೂ ಒಂದು ಪೆಟಿಗೀ ಹಚ್ಚವಾ" ಎಂದು ಹೇಳಿ ಹೋದರು.

ಶೆಡ್ಡಿನಲ್ಲಿ ದೊಡ್ಡವ್ವ ಮೊರ ಕೊಡವಿ ಗೋಡೆಗೆ ಆನಿಸುತ್ತಿದ್ದಳು. ನಾನು ಹೋಗಿ ಹಿಂದಿನಿಂದ ಗಟ್ಟಿಯಾಗಿ ತಬ್ಬಿಕೊಂಡೆ.

"ಖರೇ ಹೇಳು. ಅದು ಖರೇ ಸೀನೋ, ಸುಳ್ಳ ಸೀನೋ?"

ಅವಳು ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಸೀನು ಸುಳ್ಳು. ಉಸುರು ಖರೇ" ಎಂದಳು.

ಇಬ್ಬರೂ ನಕ್ಕೆವು. "ನಡಿ, ಮನೀಗೆ ಹೋಗೂಣು" ಎಂದು ನಾನು ಚಪ್ಪಲಿ ಮೆಟ್ಟಿದೆ. ದೊಡ್ಡವ್ವ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಮೂಲೆಯ ಕೊಡದಿಂದ ಒಂದು ತಂಬಿಗೆ ನೀರು ತುಂಬಿ ತಂದು ಮುಂದೆ ಹಿಡಿದಳು.

"ಕುಂದ್ರು. ನೀರ ಕುಡಿ. ಆಮ್ಯಾಲೆ ಹೋಗೂಣು" ಎಂದಳು. "ಮಂದಿಗೆ ಜೋಡಿ ಆತು ಖರೇ. ನಿಂದು ಒಂಟೀನ ಅಲ್ಲೇನವಾ?"

ಕೂತೆ, ತಂಬಿಗೆ ಎತ್ತಿ ಗಟಗಟನೆ ಕುಡಿದೆ. ದೊಡ್ಡವ್ವ ಪಕ್ಕದಲ್ಲಿ ಕೂತು, ನಿಧಾನವಾಗಿ ಉಸಿರಾಡುತ್ತಾ, ನಾನು ಕುಡಿದು ಮುಗಿಸುವುದನ್ನೇ ನೋಡುತ್ತಿದ್ದಳು.